ಉಪವಾಸ ಹಾವಿನದು, ಸಂಕಟ ಸಾಕಿದವರದು

ಬಾಲ್ ಪೈಥಾನನ್ನು ಮನೆಗೆ ತಂದವರು ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆ, "ಏನು ಕೊಟ್ಟರೂ ತಿನ್ನುತ್ತಿಲ್ಲವಲ್ಲ, ಏನು ಮಾಡೋಣ?" ಮಾಡುತ್ತಿರುವುದನ್ನು ಕಡಿಮೆ ಮಾಡಿ ಅನ್ನುತ್ತೇನೆ. ಈ ಉತ್ತರ ಯಾರಿಗೂ ರುಚಿಸುವುದಿಲ್ಲ. ನೆಂಟರು ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಇನ್ನೊಂದು ಹೋಳಿಗೆ ಜಾರಿಸುವ ಉಪಚಾರದಲ್ಲಿ ಬೆಳೆದವರು ನಾವು. ಹಾವಿನ ಹತ್ತಿರ ಅದು ನಡೆಯದು. ಒತ್ತಾಯ ಹೆಚ್ಚಿದಷ್ಟೂ ಅದರ ಉಪವಾಸ ಉದ್ದವಾಗುತ್ತದೆ.

ಈ ಹಾವಿನ ತವರು ಪಶ್ಚಿಮ ಮತ್ತು ಮಧ್ಯ ಆಫ್ರಿಕಾ. ಘಾನಾ, ಟೋಗೊ, ಬೆನಿನ್ ಕಡೆಯ ಹುಲ್ಲುಗಾವಲು, ಹೊಲಗಳಲ್ಲಿ ಇಲಿಬಿಲ, ಗೆದ್ದಲು ಹುತ್ತಗಳೇ ಇದರ ಮನೆ. ಹಗಲು ಒಳಗೆ, ಕತ್ತಲಾದ ಮೇಲೆ ಹೊರಗೆ. ಹೆದರಿದರೆ ಸಾಮಾನ್ಯವಾಗಿ ಕಚ್ಚಲು ಬರುವುದಿಲ್ಲ. ತಲೆಯನ್ನು ನಡುವೆ ಹುದುಗಿಸಿ ಚೆಂಡಾಗಿ ಸುತ್ತಿಕೊಳ್ಳುತ್ತದೆ. ಇಂಥ ಬಿಲವಾಸಿಯನ್ನು ನಾಲ್ಕೂ ಕಡೆ ಗಾಜಿರುವ ಪೆಟ್ಟಿಗೆಯಲ್ಲಿಟ್ಟು, ಹಾಲ್‌ನಲ್ಲಿ ಟಿವಿಯ ಪಕ್ಕ ಜೋಡಿಸಿ, ಬಂದವರಿಗೆಲ್ಲ ತೋರಿಸುತ್ತೇವೆ. ಅದು ರಾತ್ರಿಯಿಡೀ ಗಾಜಿಗೆ ಮೂತಿ ತಿಕ್ಕುತ್ತ ಸುತ್ತಿದರೆ ಚುರುಕಾಗಿದೆ ಎಂದು ಹಿಗ್ಗುತ್ತೇವೆ. ಅದು ಹುಡುಕುತ್ತಿರುವುದು ಅವಿತುಕೊಳ್ಳಲು ಒಂದು ಬಿಲವನ್ನು.

ಹೊಸ ಜಾಗದಲ್ಲಿ ತಿನ್ನದಿರುವುದು ಹಾವಿನ ಹಟವಲ್ಲ, ಲೆಕ್ಕಾಚಾರ. ನುಂಗುವಾಗ ಬಾಯಿ ತುಂಬಿರುತ್ತದೆ, ಕಚ್ಚಲಾಗದು, ಓಡಲಾಗದು. ನುಂಗಿದ ಮೇಲಿನ ಖರ್ಚು ಇನ್ನೂ ದೊಡ್ಡದು. ಇದರ ದೊಡ್ಡ ಸಂಬಂಧಿಯಾದ ಬರ್ಮೀಸ್ ಹೆಬ್ಬಾವು ಭರ್ತಿ ಊಟ ಮಾಡಿದ ಎರಡೇ ದಿನಗಳಲ್ಲಿ ಅದರ ಹೃತ್ಕುಕ್ಷಿಯ ತೂಕ ಶೇಕಡಾ 40ರಷ್ಟು ಏರುತ್ತದೆ ಎಂದು 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ವರದಿಯಾಯಿತು. ಕರುಳೂ ದಪ್ಪವಾಗುತ್ತದೆ. ಇಷ್ಟೆಲ್ಲ ನಡೆಯಲು ಮೈಗೆ ಹೊರಗಿನ ಕಾವು ಬೇಕು. ಕಾವು ಸಾಲದಿದ್ದರೆ ನುಂಗಿದ್ದನ್ನು ಕಕ್ಕಬೇಕಾಗುತ್ತದೆ. ಕಾವೂ ಮರೆಯೂ ಖಾತ್ರಿಯಾಗದೆ ಬಾಯಿ ತೆರೆಯುವುದು ಅದಕ್ಕೆ ನಷ್ಟದ ವ್ಯಾಪಾರ.

ಹಾಗಾಗಿ ಇಲಿಯ ಚಿಂತೆ ಬಿಟ್ಟು ಮೊದಲು ಪೆಟ್ಟಿಗೆಯನ್ನು ನೋಡಿ. ಒಂದು ತುದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರಿಂದ 27 ಇರಲಿ. ಬೆಂಗಳೂರಿನ ಜನವರಿಯ ರಾತ್ರಿಗೆ ಹೀಟ್ ಮ್ಯಾಟ್ ಬೇಕೇ ಬೇಕು. ಥರ್ಮೊಸ್ಟ್ಯಾಟ್ ಇಲ್ಲದ ಹೀಟ್ ಮ್ಯಾಟ್ ಹೊಟ್ಟೆ ಸುಡುತ್ತದೆ. ತೇವಾಂಶ ಶೇಕಡಾ 55ರಿಂದ 65 ಸಾಕು, ಪೊರೆ ಬಿಡುವಾಗ ತುಸು ಹೆಚ್ಚು. ಕೆಳಗೆ ಹರಡಲು ನಮ್ಮ ಕೋಕೋಪೀಟ್ ಬಲು ಒಳ್ಳೆಯದು. ಮಂಗಳೂರಿನ ಮಳೆಗಾಲದಲ್ಲಿ ಅದು ಬೂಸ್ಟು ಹಿಡಿಯದಂತೆ ಗಾಳಿಯಾಡಬೇಕು. ಚಳಿಗಾಲವಿಡೀ ಹೀಟರ್ ಉರಿಯುವ ಷಿಕಾಗೋದ ಕನ್ನಡಿಗರ ಮನೆಯಲ್ಲಿ ಆಗಾಗ ನೀರು ಚಿಮುಕಿಸಬೇಕು.

ಅಡಗುತಾಣ ಎರಡಿರಲಿ, ಬಿಸಿಯ ಕಡೆ ಒಂದು, ತಂಪಿನ ಕಡೆ ಒಂದು. ಒಂದೇ ಇದ್ದರೆ ಹಾವು ಕಾವು ಬೇಕೋ ಮರೆ ಬೇಕೋ ಎಂದು ಆರಿಸಬೇಕಾಗುತ್ತದೆ. ಸುತ್ತಿ ಕುಳಿತಾಗ ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿರಲಿ. ಮರಿಗೆ ಅಂಚು ತಿಕ್ಕಿ ನಯ ಮಾಡಿದ ತೆಂಗಿನ ಕರಟ, ಬೆಳೆದದ್ದಕ್ಕೆ ಬೋರಲು ಹಾಕಿ ಬಾಗಿಲು ಕೊರೆದ ಮಣ್ಣಿನ ಕುಂಡ ಸಾಕು. ಗಾಜಿನ ಮೂರು ಬದಿಗೆ ಹೊರಗಿನಿಂದ ಕಾಗದ ಅಂಟಿಸಿ. ಆಮೇಲೆ ಒಂದು ವಾರ ನೀರು ಬದಲಿಸುವುದನ್ನು ಬಿಟ್ಟು ಕೈ ಹಾಕಬೇಡಿ.

ಎರಡನೇ ವಾರ, ದೀಪ ಆರಿಸಿದ ಮೇಲೆ ಮೊದಲ ಊಟ. ಇಲಿಯ ದಪ್ಪ ಹಾವಿನ ನಡುವಿನ ದಪ್ಪವನ್ನು ಮೀರದಿರಲಿ. ಫ್ರೀಜರಿನ ಇಲಿಯಾದರೆ ಪೂರ್ತಿ ಕರಗಿಸಿ, ಕವರಿನಲ್ಲಿ ಕಟ್ಟಿ ಬಿಸಿನೀರಿನಲ್ಲಿಟ್ಟು, ಮೈ 38 ಡಿಗ್ರಿಗೆ ಬರುವಂತೆ ನೋಡಿಕೊಳ್ಳಿ. ಮೇಲ್ದುಟಿಯ ಕುಳಿಗಳಿಂದ ಈ ಹಾವು ಶಾಖವನ್ನೇ ಗುರುತಿಸುತ್ತದೆ. ತಣ್ಣಗಿನ ಇಲಿ ಅದರ ಪಾಲಿಗೆ ಇಲಿಯೇ ಅಲ್ಲ. ಉದ್ದ ಚಿಮಟದಲ್ಲಿ ಹಿಡಿದು ಅಡಗುತಾಣದ ಬಾಯಲ್ಲಿ ಸ್ವಲ್ಪ ಅಲುಗಾಡಿಸಿ. ಮೂತಿಗೆ ತಿವಿಯಬೇಡಿ. ಹಿಡಿಯದಿದ್ದರೆ ಅಲ್ಲೇ ಬಿಟ್ಟು ಹೋಗಿ ಮಲಗಿ. ಬೆಳಿಗ್ಗೆಯೂ ಹಾಗೇ ಇದ್ದರೆ ಎಸೆಯಿರಿ. ಮುಂದಿನ ಪ್ರಯತ್ನ ಇನ್ನೊಂದು ವಾರಕ್ಕೆ, ನಾಳೆಗಲ್ಲ. ಜೀವಂತ ಇಲಿ ಬಿಟ್ಟು ಬಾಗಿಲು ಹಾಕುವುದಂತೂ ಬೇಡವೇ ಬೇಡ, ಹಸಿದ ಇಲಿ ಹಾವಿನ ಬೆನ್ನನ್ನೇ ಕಡಿಯುತ್ತದೆ.

ಕೊಳ್ಳುವಾಗಲೇ ಎರಡು ದಾಖಲೆ ಕೇಳಿ ಪಡೆದಿರಬೇಕು. ಒಂದು ಊಟದ ಪಟ್ಟಿ: ಸುಂಡಿಲಿಯೋ ದೊಡ್ಡ ಇಲಿಯೋ, ಸತ್ತದ್ದೋ ಜೀವಂತವೋ, ಕೊನೆಯ ಊಟ ಎಂದು. ಅದು ರೂಢಿ ಮಾಡಿಕೊಂಡ ಊಟದಿಂದಲೇ ನೀವೂ ಶುರು ಮಾಡಬೇಕು. ಜೀವಂತದ ರೂಢಿಯಾಗಿದ್ದರೆ ಮಾತ್ರ ಆಗಷ್ಟೇ ಕೊಂದದ್ದರಿಂದ. ಇನ್ನೊಂದು ಕಾನೂನಿನ ಕಾಗದ. ಬಾಲ್ ಪೈಥಾನ್, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ಪ್ರಕಾರ ಅದನ್ನು ಸಾಕುವವರು ನೋಂದಣಿ ಮಾಡಿಸಲೇಬೇಕು. ನಮ್ಮ ನೆಲದ ಹೆಬ್ಬಾವು, ಕೇರೆ, ಮಣ್ಣುಮುಕ್ಕ ಹಾವುಗಳನ್ನು ಮನೆಯಲ್ಲಿ ಸಾಕುವುದು ಅಪರಾಧ.

ಎಷ್ಟು ದಿನ ಕಾಯಬಹುದು? ಇದಕ್ಕೆ ಕ್ಯಾಲೆಂಡರಿಗಿಂತ ತಕ್ಕಡಿ ನಂಬಿಗಸ್ತ. ವಾರಕ್ಕೊಮ್ಮೆ ಅಡಗುತಾಣದ ಸಮೇತ ಎತ್ತಿ ತೂಗಿ, ಅಡಗುತಾಣದ ತೂಕ ಕಳೆದು ಬರೆದಿಡಿ. ಕಣ್ಣು ನೀಲಿ ಮಬ್ಬಾಗಿದ್ದರೆ ಪೊರೆ ಬಿಡುವ ಕಾಲ, ಹಸಿವಿರುವುದಿಲ್ಲ. ಬೆಳೆದ ಗಂಡು ಜೋಡಿಯಾಗುವ ಕಾಲದಲ್ಲಿ ತಿಂಗಳುಗಟ್ಟಲೆ ತಿನ್ನದಿದ್ದರೂ ಮೈ ಇಳಿಯದು. ಮರಿಗಳಲ್ಲಿ ಮಾತ್ರ ಈ ಉಳಿತಾಯವಿಲ್ಲ. ತೂಕ ಶೇಕಡಾ 10ರಷ್ಟು ಇಳಿದರೆ, ಉಸಿರಲ್ಲಿ ಗೊರಗೊರ ಸದ್ದು, ಬಾಯಲ್ಲಿ ಗುಳ್ಳೆ ಕಂಡರೆ, ಸರೀಸೃಪ ಬಲ್ಲ ಪಶುವೈದ್ಯರಲ್ಲಿಗೆ ಓಡಿ. ನೀವಾಗಿ ಬಾಯಿ ಬಿಡಿಸಿ ತುರುಕಬೇಡಿ.

ಮೊದಲ ಇಲಿ ಒಳಗಿಳಿದ ಖುಷಿಯಲ್ಲಿ ಹಾವನ್ನು ಎತ್ತಿಕೊಳ್ಳುವವರೇ ಹೆಚ್ಚು. ಎರಡು ದಿನ ಮುಟ್ಟಬೇಡಿ. ಸಾಲಾಗಿ ಮೂರು ಊಟ ಮುಗಿದ ಮೇಲೆ ಹೊಂದಿಕೊಂಡಿತು ಅನ್ನಬಹುದು. ಅಲ್ಲಿಯವರೆಗೆ ಮುಟ್ಟದೆ, ನಾಲ್ಕು ಜನರಿಗೆ ತೋರಿಸದೆ ಇರಲಾಗದವರು ನಾಯಿ ಸಾಕುವುದೇ ಮೇಲು. ತಟ್ಟೆ ಇಟ್ಟ ಕ್ಷಣವೇ ಖಾಲಿ ಮಾಡಿ ಅದು ನಿಮ್ಮ ಮರ್ಯಾದೆ ಉಳಿಸುತ್ತದೆ.