ಹಸ್ತಪ್ರತಿಯಿಂದ ಅಚ್ಚಿಗೆ: ಶೋಪಾನ್‌ನ ಪ್ರಿಲ್ಯೂಡುಗಳಲ್ಲಿ ಕಮಾನುಗೆರೆಯ ಪಾಠನಿರ್ಣಯ

ಪಾಶ್ಚಾತ್ಯ ಸ್ವರಲಿಪಿಯಲ್ಲಿ ಸ್ವರದ ಸ್ಥಾನ ಮತ್ತು ಕಾಲಪ್ರಮಾಣಗಳು ಖಚಿತವಾಗಿ ದಾಖಲಾಗುತ್ತವೆ. ಆದರೆ ಯಾವ ಸ್ವರಗಳು ಕೂಡಿ ನಡೆಯಬೇಕು, ಎಲ್ಲಿ ಬಿಡುವು ಬೇಕು ಎಂಬುದನ್ನು ಸೂಚಿಸುವುದು ಸ್ವರಗಳ ಮೇಲೆ ಎಳೆಯುವ ಕಮಾನುಗೆರೆ. ಇದನ್ನು ಸ್ಲರ್ ಎಂದು ಕರೆಯುತ್ತಾರೆ. ಸ್ವರದ ಪಾಠಾಂತರವನ್ನು ಟಿಪ್ಪಣಿಯಲ್ಲಿ ದಾಖಲಿಸುವ ಸಂಪಾದಕರು ಈ ಗೆರೆಯನ್ನು ಹಲವು ವೇಳೆ ಸದ್ದಿಲ್ಲದೆ ತಿದ್ದಿರುವುದುಂಟು. ಫ್ರೆಡರಿಕ್ ಶೋಪಾನ್‌ನ (1810–1849) ಓಪಸ್ 28ರ 24 ಪ್ರಿಲ್ಯೂಡುಗಳ ಪಾಠಪರಂಪರೆ ಈ ಸಮಸ್ಯೆಯ ಪರಿಶೀಲನೆಗೆ ತಕ್ಕ ನಿದರ್ಶನವಾಗಿದೆ.

1839ರ ಜನವರಿಯಲ್ಲಿ ಶೋಪಾನ್ ಈ ಕೃತಿಯ ಸ್ವಹಸ್ತಪ್ರತಿಯನ್ನು ಮಯೋರ್ಕಾ ದ್ವೀಪದಿಂದ ಪ್ಯಾರಿಸ್‌ನಲ್ಲಿದ್ದ ಗೆಳೆಯ ಯೂಲಿಯನ್ ಫೊಂಟಾನಾನಿಗೆ ಕಳುಹಿಸಿದನು. ಫೊಂಟಾನಾ ಅದರ ನಕಲೊಂದನ್ನು ಸಿದ್ಧಪಡಿಸಿದನು. ಪ್ಯಾರಿಸ್‌ನ ಕಾತ್ಲ್ಯಾಂ ಮುದ್ರಣಕ್ಕೆ ಸ್ವಹಸ್ತಪ್ರತಿಯೂ ಲೈಪ್‌ಜಿಗ್‌ನ ಬ್ರೈಟ್‌ಕಾಫ್ ಉಂಡ್ ಹೆರ್ಟೆಲ್ ಮುದ್ರಣಕ್ಕೆ ಈ ನಕಲೂ ಆಧಾರವಾದವು. ಲಂಡನ್ನಿನ ವೆಸೆಲ್ ಮುದ್ರಣ ಪ್ಯಾರಿಸ್ ಮುದ್ರಣದ ಅನುಸರಣೆ. ಆದುದರಿಂದ ಒಂದು ಗೆರೆಯ ವಿಷಯದಲ್ಲಿ ಲಂಡನ್ ಮತ್ತು ಪ್ಯಾರಿಸ್ ಮುದ್ರಣಗಳು ಒಮ್ಮತವಾಗಿದ್ದರೂ ಅವು ಎರಡು ಸಾಕ್ಷ್ಯಗಳಾಗುವುದಿಲ್ಲ. ಪ್ರತಿಗಳನ್ನು ಎಣಿಸುವುದಕ್ಕಿಂತ ಅವುಗಳ ಶಾಖಾಸಂಬಂಧವನ್ನು ಅರಿಯುವುದು ಮುಖ್ಯ. ಇಂದು ವಾರ್ಸಾದ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಸ್ವಹಸ್ತಪ್ರತಿಯೇ ಎರಡೂ ಶಾಖೆಗಳ ಮೂಲ.

ಪ್ರತಿಗಳ ನಡುವಿನ ವ್ಯತ್ಯಾಸಗಳೆಲ್ಲ ಒಂದೇ ಬಗೆಯವಲ್ಲ. ಕರಡು ತಿದ್ದುವಾಗ ರಚನಕಾರನೇ ಮಾಡಿದ ಬದಲಾವಣೆ ಒಂದು. ಲಿಪಿಕಾರನ ಅನವಧಾನ ಮತ್ತೊಂದು. ಅಚ್ಚಿನ ತಂತ್ರದಿಂದ ಉಂಟಾದದ್ದು ಮೂರನೆಯದು. ಆ ಕಾಲದ ಲೋಹಫಲಕದ ಮೇಲೆ ಸ್ವರದ ತಲೆಗಳನ್ನು ಅಚ್ಚುಮೊಳೆಯಿಂದ ಒತ್ತುತ್ತಿದ್ದರೆ ಕಮಾನುಗೆರೆಯನ್ನು ಉಳಿಯಿಂದ ಕೈಯಲ್ಲೇ ಕೊರೆಯಬೇಕಿತ್ತು. ಹಸ್ತಪ್ರತಿಯಲ್ಲಿ ಸಾಲಿನ ಕೊನೆಗೆ ತೆರೆದೇ ಉಳಿದ ಗೆರೆ ಮುಂದಿನ ಸಾಲಿಗೂ ಸಾಗುವುದೇ, ಅಲ್ಲಿಗೇ ಮುಗಿಯುವುದೇ ಎಂಬುದು ಹಲವೆಡೆ ಅಸ್ಪಷ್ಟ. ಅಚ್ಚಿನಲ್ಲಿ ಸಾಲುಗಳ ವಿಭಜನೆ ಬೇರೆಯಾದಾಗ ಕೊರೆಯುವವನು ಈ ಅಸ್ಪಷ್ಟತೆಯನ್ನು ಉಳಿಸುವಂತಿರಲಿಲ್ಲ, ಒಂದನ್ನು ಆರಿಸಲೇಬೇಕಿತ್ತು. ಹೀಗೆ ಕಾಗದದ ಅಗಲ ನಿರ್ಧರಿಸಿದ ಒಂದು ಬಿಡುವು ಮುಂದಿನ ಮುದ್ರಣಗಳಲ್ಲಿ ರಚನಕಾರನ ಅಭಿಪ್ರಾಯವೆಂದು ಮನ್ನಣೆ ಪಡೆಯುವ ಅಪಾಯವಿದೆ.

ನಂತರದ ತಲೆಮಾರಿನ ತಿದ್ದುಪಡಿಗಳಿಗೆ ಸೈದ್ಧಾಂತಿಕ ಬೆಂಬಲವೂ ದೊರೆಯಿತು. ಹ್ಯೂಗೋ ರೀಮಾನ್ 1880ರ ದಶಕದಿಂದ ಹೊರತಂದ ಸಂಪಾದನೆಗಳಲ್ಲಿ ಕಮಾನುಗೆರೆ ಸ್ವರಗಳನ್ನು ಬೆಸೆಯುವ ಸೂಚನೆಯಾಗಿ ಉಳಿಯದೆ ಸಂಗೀತವಾಕ್ಯದ ವಿಶ್ಲೇಷಣೆಯಾಯಿತು. ಇಂತಹ ಪದ್ಧತಿಯ ವಿರುದ್ಧ ಹೈನ್ರಿಖ್ ಶೆಂಕರ್ 1925ರಲ್ಲಿ ಪ್ರಕಟಿಸಿದ ಪ್ರಬಂಧವು ಸ್ವಹಸ್ತಪ್ರತಿಯ ಗೆರೆಗಳತ್ತ ಮರಳಬೇಕೆಂದು ವಾದಿಸಿತು. ಈ ವಾದ ನ್ಯಾಯವಾದುದೇ. ಆದರೆ ಅದನ್ನು ಯಾಂತ್ರಿಕವಾಗಿ ಅನ್ವಯಿಸಲಾಗದು. ಶೋಪಾನ್‌ನ ಸ್ವಹಸ್ತದಲ್ಲಿಯೂ ಅವಸರದ ಗೆರೆಗಳಿವೆ. ಇದಕ್ಕೆ ವಿರುದ್ಧವಾಗಿ, ವಾಕ್ಯವು ಮುಗಿದಂತೆ ತೋರುವಲ್ಲಿಯೂ ನಿಲ್ಲದೆ ಸಾಗುವ ದೀರ್ಘ ಗೆರೆಯನ್ನು ಕೇವಲ ಅಜಾಗರೂಕತೆಯೆಂದು ತಳ್ಳಿಹಾಕುವುದೂ ಸಲ್ಲದು. ಅಲ್ಲಿ ವಾಕ್ಯದ ಅಂತ್ಯ ಮತ್ತು ನುಡಿಸಾಣಿಕೆಯ ಓಟ ಬೇರೆಬೇರೆಯಾಗಿರಬೇಕೆಂಬುದೇ ರಚನಕಾರನ ಆಶಯವಾಗಿರಬಹುದು. ಗೆರೆಯನ್ನು ತುಂಡರಿಸಿದರೆ ಆ ಭೇದವೇ ಅಳಿಯುತ್ತದೆ.

ಈ ದೃಷ್ಟಿಯಿಂದ ಸಂಪಾದಕನು ಪಾಲಿಸಬೇಕಾದ ಎರಡು ನಿಯಮಗಳು ಸ್ಪಷ್ಟವಾಗುತ್ತವೆ. ಗೆರೆಗಳ ಮಟ್ಟಿಗೆ ಒಂದೇ ಆಕರವನ್ನು ಅನುಸರಿಸಿ ಉಳಿದವನ್ನು ಟಿಪ್ಪಣಿಯಲ್ಲಿ ಕೊಡಬೇಕು. ಎರಡು ಶಾಖೆಗಳನ್ನು ಬೆರೆಸಿದ ಪಾಠ ಯಾವ ಕಾಲದಲ್ಲಿಯೂ ಇದ್ದುದಲ್ಲ. ಪುನರಾವರ್ತಿತ ಭಾಗಗಳಲ್ಲಿನ ಗೆರೆಗಳ ವ್ಯತ್ಯಾಸವನ್ನು ಏಕರೂಪತೆಯ ಹೆಸರಿನಲ್ಲಿ ಅಳಿಸಬಾರದು.

ತಪ್ಪಾಗಿ ವಾಕ್ಯ ಬಿಡಿಸಿ ನುಡಿಸುವವನನ್ನು ಶೋಪಾನ್ ಅರಿಯದ ಭಾಷೆಯ ಭಾಷಣವನ್ನು ಬಾಯಿಪಾಠ ಒಪ್ಪಿಸುವವನಿಗೆ ಹೋಲಿಸುತ್ತಿದ್ದನೆಂದು ಅವನ ಶಿಷ್ಯಪರಂಪರೆ ದಾಖಲಿಸಿದೆ. ಗೆರೆಯನ್ನು ತಿದ್ದಿ ತಿದ್ದುಪಡಿಯನ್ನು ಮರೆಮಾಚಿದ ಪ್ರತಿಯಿಂದ ಕಲಿಯುವ ವಿದ್ಯಾರ್ಥಿಯೂ ಅದೇ ಸ್ಥಿತಿಗೆ ಬರುತ್ತಾನೆ. ಆದರೆ ಅವನ ವಿಷಯದಲ್ಲಿ ದೋಷ ಅವನದಲ್ಲ, ಅವನ ಕೈಗೆ ಬಂದ ಪುಸ್ತಕದ್ದು.