ವ್ಯಸನಮುಕ್ತನ ಆತ್ಮಕಥನ: ತೂಗುವವರು ಮತ್ತು ಕೈಹಿಡಿಯುವವರು

ದೋಷವೆಸಗುವುದು ಸುಲಭ. ಎಸಗಿದ ದೋಷವನ್ನು ಒಪ್ಪಿಕೊಳ್ಳುವುದು ಕಠಿಣ. ಒಪ್ಪಿಕೊಂಡದ್ದನ್ನು ಬರೆದು ಪರರ ಕೈಗೆ ಒಪ್ಪಿಸುವುದು ಅದಕ್ಕಿಂತಲೂ ಕಠಿಣ. ಕುಡಿತವನ್ನು ತೊರೆದವನೊಬ್ಬನು ತನ್ನ ಬಾಳಿನ ಕಥೆಯನ್ನು ಬರೆಯಲು ಕುಳಿತಾಗ ಅವನಿಗೆ ಕೀರ್ತಿಯ ಬಂಡವಾಳವಿರುವುದಿಲ್ಲ. ಇರುವುದು ಅಪಕೀರ್ತಿಯ ಸಾಲ ಮಾತ್ರ. ಆ ಸಾಲದ ಲೆಕ್ಕವನ್ನೇ ಅವನು ಊರಿನ ಮುಂದೆ ತೆರೆದಿಡುತ್ತಾನೆ. ಇಂಥ ಬರಹಕ್ಕೆ ಎರಡು ಬಗೆಯ ವಾಚಕರು ದೊರೆಯುತ್ತಾರೆ. ಒಬ್ಬನು ತಕ್ಕಡಿ ಹಿಡಿದು ತೂಗುತ್ತಾನೆ. ಇನ್ನೊಬ್ಬನು ಬರೆದವನ ಕೈ ಹಿಡಿಯುತ್ತಾನೆ. ಇವರಿಬ್ಬರಲ್ಲಿ ಧರ್ಮವು ಯಾರ ಕಡೆಗಿದೆ ಎಂಬ ಪ್ರಶ್ನೆಗೆ ತರ್ಕಕ್ಕಿಂತ ಒಂದು ಗ್ರಂಥದ ಚರಿತ್ರೆಯೇ ಹೆಚ್ಚು ಸ್ಪಷ್ಟವಾದ ಉತ್ತರವನ್ನು ಕೊಡಬಲ್ಲದು.

ಆ ಗ್ರಂಥದ ಹೆಸರು ‘ಆಲ್ಕೊಹಾಲಿಕ್ಸ್ ಅನಾನಿಮಸ್’. ಅದು ಅಮೆರಿಕದಲ್ಲಿ 1939ರ ಏಪ್ರಿಲ್ ತಿಂಗಳಲ್ಲಿ ಪ್ರಕಟವಾಯಿತು. ಅದರ ಮುಖ್ಯ ಲೇಖಕನಾದ ಬಿಲ್ ವಿಲ್ಸನ್ ನ್ಯೂಯಾರ್ಕಿನ ಷೇರು ವ್ಯವಹಾರದಲ್ಲಿದ್ದವನು. ಕುಡಿತದಿಂದ ವ್ಯವಹಾರವನ್ನೂ ಮರ್ಯಾದೆಯನ್ನೂ ಕಳೆದುಕೊಂಡವನು. 1934ರ ಡಿಸೆಂಬರಿನಲ್ಲಿ ಕೊನೆಯ ಬಾರಿ ಮದ್ಯವನ್ನು ಮುಟ್ಟಿ, ಮರು ವರ್ಷ ಓಹಾಯೊ ಪ್ರಾಂತದ ಆಕ್ರನ್ ನಗರದಲ್ಲಿ ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನನ್ನು ಕಂಡನು. ಆ ವೈದ್ಯನೂ ಕುಡಿತಕ್ಕೆ ದಾಸನಾಗಿದ್ದವನೇ. ಒಬ್ಬ ವ್ಯಸನಿ ಇನ್ನೊಬ್ಬ ವ್ಯಸನಿಗೆ ತನ್ನ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದರೆ ಇಬ್ಬರೂ ಆ ದಿನದ ಮಟ್ಟಿಗಾದರೂ ಕುಡಿಯದೆ ಉಳಿಯುತ್ತಾರೆ ಎಂಬ ಅನುಭವವೇ ಅವರ ಬಳಗಕ್ಕೆ ತಳಹದಿಯಾಯಿತು. ಗ್ರಂಥವು ‘ಬಿಲ್ಲನ ಕಥೆ’ಯಿಂದಲೇ ಆರಂಭವಾಗುತ್ತದೆ. ಅದರ ಉತ್ತರಾರ್ಧವೆಲ್ಲ ಕುಡಿತ ಬಿಟ್ಟವರ ಜೀವನ ವೃತ್ತಾಂತಗಳು. ಯಾರ ಪೂರ್ಣ ಹೆಸರನ್ನೂ ಅದರಲ್ಲಿ ಮುದ್ರಿಸಲಿಲ್ಲ.

ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಆ ಸಾಹಸವು ಮೊದಲಿಗೆ ನಷ್ಟದ ಬಾಬತ್ತೇ ಆಗಿತ್ತು. ಬೆಲೆ ಮೂರೂವರೆ ಡಾಲರ್. ಆ ದಿನಗಳಿಗೆ ಅದು ಹೆಚ್ಚು. ಕೊಟ್ಟ ಹಣಕ್ಕೆ ತೂಕವಾದರೂ ಇರಲೆಂದು ದಪ್ಪ ಕಾಗದದಲ್ಲಿ ಮುದ್ರಿಸಿದರು. ವೈದ್ಯರು ಕೊಳ್ಳುವರೆಂಬ ಭರವಸೆಯಿಂದ ಇಪ್ಪತ್ತು ಸಾವಿರ ಅಂಚೆ ಕಾರ್ಡುಗಳನ್ನು ಕಳುಹಿಸಿದರು. ಬಂದ ಉತ್ತರಗಳು ಕೇವಲ ಹನ್ನೆರಡು. ಅವುಗಳಲ್ಲಿ ಪುಸ್ತಕ ಬೇಕೆಂದು ನಿಜವಾಗಿ ಕೇಳಿದವು ಎರಡೇ ಎಂದು ಆ ಬಳಗದವರೇ ಮುಂದೆ ಬರೆದುಕೊಂಡಿದ್ದಾರೆ.

ಇಂಥ ಸ್ಥಿತಿಯಲ್ಲಿ ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ನಿಯತಕಾಲಿಕೆಯು ಗ್ರಂಥದ ವಿಮರ್ಶೆಯನ್ನು ಪ್ರಕಟಿಸಿತು. ಸಂಘಟನೆಯ ಪ್ರಚಾರ ಮತ್ತು ಧಾರ್ಮಿಕ ಉಪದೇಶ ಇವೆರಡರ ವಿಚಿತ್ರ ಮಿಶ್ರಣವೇ ಈ ಪುಸ್ತಕ. ಯಾವ ಅರ್ಥದಲ್ಲಿಯೂ ಇದು ವೈಜ್ಞಾನಿಕವಲ್ಲ ಎಂಬುದು ಅದರ ಸಾರ. ಮರು ವರ್ಷ ಮನೋವೈದ್ಯರ ಇನ್ನೊಂದು ನಿಯತಕಾಲಿಕೆಯು, ಇದು ಧಾರ್ಮಿಕ ಶಿಬಿರಗಳಲ್ಲಿ ಕೇಳಿಬರುವ ತಪ್ಪೊಪ್ಪಿಗೆಗಳಂತೆ ಗೊತ್ತುಗುರಿಯಿಲ್ಲದ ಮಾತೆಂದು ಬರೆಯಿತು. ಹೆಸರನ್ನೂ ಹಾಕದೆ, ತಮ್ಮ ಪತನವನ್ನು ತಾವೇ ಬಿಚ್ಚಿಟ್ಟ ಜನರಿಗೆ ದೇಶದ ಅತ್ಯಂತ ಗೌರವಾನ್ವಿತ ವೈದ್ಯ ಸಮೂಹವು ಕೊಟ್ಟ ಉತ್ತರ ಇದು.

ಈ ವಿಮರ್ಶಕರು ಸುಳ್ಳು ಹೇಳಿದರೇ? ಇಲ್ಲ ಎಂದೇ ಹೇಳಬೇಕು. ಗ್ರಂಥವು ವೈಜ್ಞಾನಿಕವಲ್ಲ ಎಂಬುದು ನಿಜ. ಅದರಲ್ಲಿ ಪ್ರಯೋಗವಿಲ್ಲ, ಹೋಲಿಕೆಗೆ ಇಟ್ಟ ರೋಗಿಗಳ ಗುಂಪಿಲ್ಲ. ದೈವದ ಮಾತು ಅದರಲ್ಲಿ ಧಾರಾಳವಾಗಿದೆ ಎಂಬುದೂ ನಿಜ. ತಮ್ಮ ಬಳಗವನ್ನು ಬೆಳೆಸುವ ಉದ್ದೇಶ ಲೇಖಕರಿಗೆ ಇದ್ದದ್ದೂ ನಿಜ. ಆಕ್ಷೇಪಗಳನ್ನು ಬಿಡಿಬಿಡಿಯಾಗಿ ತೂಗಿದರೆ ಯಾವುದೂ ಹುಸಿಯಲ್ಲ. ಆದರೆ ತೂಕ ಸರಿಯಿದ್ದ ಮಾತ್ರಕ್ಕೆ ತೀರ್ಪು ಸರಿಯಾಗುವುದಿಲ್ಲ. ತೊಗರಿಯನ್ನು ತೂಗುವ ಕಲ್ಲಿನಿಂದ ಬಂಗಾರವನ್ನು ತೂಗಿ ‘ಇದು ಕಡಿಮೆ’ ಎಂದರೆ ಕಲ್ಲಿನಲ್ಲಿ ದೋಷವಿಲ್ಲ, ತೂಗಿದವನ ವಿವೇಚನೆಯಲ್ಲಿ ದೋಷವಿದೆ. ಆತ್ಮಕಥನವೆಂಬುದು ಸಾಕ್ಷಿಯ ಮಾತು. ಸಾಕ್ಷಿಯನ್ನು ಕೇಳಬೇಕಾದ ಪ್ರಶ್ನೆಗಳು ಎರಡು: ನೀನು ಕಂಡದ್ದನ್ನೇ ಹೇಳಿರುವೆಯಾ? ನಿನಗೆ ಅಹಿತವಾದದ್ದನ್ನೂ ಬಿಡದೆ ಹೇಳಿರುವೆಯಾ? ಈ ಎರಡು ಪ್ರಶ್ನೆಗಳನ್ನು ಆ ವಿಮರ್ಶಕರು ಕೇಳಲೇ ಇಲ್ಲ. ಆ ಗ್ರಂಥವನ್ನು ಅಂದಿನ ರಾತ್ರಿ ಕೈಗೆತ್ತಿಕೊಳ್ಳಬಹುದಾಗಿದ್ದ ನಿರಾಶನೊಬ್ಬನು ತಮ್ಮ ಮಾತನ್ನೂ ಓದಬಹುದು ಎಂಬ ಎಚ್ಚರಿಕೆಯೂ ಅವರಲ್ಲಿ ಕಾಣುವುದಿಲ್ಲ.

ಆ ಎರಡು ಪ್ರಶ್ನೆಗಳನ್ನು ಕೇಳಿದವರು ಸಾಮಾನ್ಯ ವಾಚಕರು. 1939ರ ಸೆಪ್ಟೆಂಬರಿನಲ್ಲಿ ‘ಲಿಬರ್ಟಿ’ ಎಂಬ ಜನಪ್ರಿಯ ವಾರಪತ್ರಿಕೆಯಲ್ಲಿ ಈ ಬಳಗದ ಕುರಿತು ಲೇಖನವೊಂದು ಬಂದಿತು. ಅದನ್ನು ಓದಿ ಸುಮಾರು ಎಂಟುನೂರು ಜನ ಪತ್ರ ಬರೆದರು. ಅದೇ ಶರತ್ಕಾಲದಲ್ಲಿ ಕ್ಲೀವ್‌ಲೆಂಡಿನ ದಿನಪತ್ರಿಕೆಯೊಂದು ಲೇಖನಮಾಲೆಯನ್ನು ಪ್ರಕಟಿಸಿದಾಗ ಆ ಒಂದು ನಗರದಿಂದಲೇ ನೂರಾರು ಜನ ನೆರವು ಕೇಳಿಕೊಂಡು ಬಂದರು. 1941ರ ಮಾರ್ಚ್ 1ರ ‘ಸ್ಯಾಟರ್‌ಡೇ ಈವ್ನಿಂಗ್ ಪೋಸ್ಟ್’ನಲ್ಲಿ ಜ್ಯಾಕ್ ಅಲೆಕ್ಸಾಂಡರ್ ಬರೆದ ಲೇಖನದ ತರುವಾಯ ಪತ್ರಗಳು ಸಾವಿರಗಳ ಲೆಕ್ಕದಲ್ಲಿ ಬಂದವು. ವರ್ಷಾರಂಭದಲ್ಲಿ ಸುಮಾರು ಎರಡು ಸಾವಿರವಿದ್ದ ಬಳಗವು ವರ್ಷಾಂತ್ಯಕ್ಕೆ ಎಂಟು ಸಾವಿರವಾಯಿತು. ರೂತ್ ಹಾಕ್ ಎಂಬ ಕಾರ್ಯದರ್ಶಿನಿಯು, ಅನೇಕ ವೇಳೆ ಸಂಬಳವೂ ಸರಿಯಾಗಿ ದೊರೆಯದ ಆ ಕಚೇರಿಯಲ್ಲಿ ಕುಳಿತು, ಆರಂಭದ ಪತ್ರಗಳಿಗೆಲ್ಲ ಉತ್ತರ ಬರೆದಳು.

ಈ ಪತ್ರಗಳ ಸ್ವರೂಪವನ್ನು ವಾಚಕರು ಗಮನಿಸಬೇಕು. ಅವು ಗ್ರಂಥದ ಭಾಷೆಯನ್ನು ಹೊಗಳಿ ಬರೆದವಲ್ಲ, ವಿಮರ್ಶಕರನ್ನು ತೆಗಳಿ ಬರೆದವೂ ಅಲ್ಲ. ಅವು ನೆರವನ್ನು ಯಾಚಿಸಿ ಬಂದವು: ಕುಡಿಯುವವನು ತನಗಾಗಿ, ಹೆಂಡತಿಯು ಗಂಡನಿಗಾಗಿ, ತಾಯಿಯು ಮಗನಿಗಾಗಿ. ‘ಚೆನ್ನಾಗಿ ಬರೆದಿದ್ದೀರಿ’ ಎಂಬುದು ಲೇಖಕನ ಅಹಂಕಾರಕ್ಕೆ ಸಲ್ಲುವ ಮಾತು. ‘ಇದು ನನ್ನದೇ ಕಥೆ, ಮುಂದೇನು ಮಾಡಲಿ’ ಎಂಬುದು ಅವನ ಪಶ್ಚಾತ್ತಾಪಕ್ಕೆ ಸಲ್ಲುವ ಮಾತು. ಮೊದಲನೆಯದು ಅವನನ್ನು ಮತ್ತೆ ಬೀಳಿಸಲೂಬಹುದು. ಎರಡನೆಯದು ಅವನಿಗೆ ಜವಾಬ್ದಾರಿಯನ್ನು ಹೊರಿಸುತ್ತದೆ. ನೆರವು ಕೇಳಿದವನಿಗೆ ಉತ್ತರ ಬರೆಯಬೇಕಾದರೆ ಬರೆಯುವವನು ಆ ದಿನ ಕುಡಿದಿರಬಾರದು. ವಾಚಕರ ಪ್ರೋತ್ಸಾಹವು ಫಲಿಸಿದ್ದು ಹೀಗೆ.

ನಿಷ್ಠುರ ವಿಮರ್ಶಕನ ಕೈಯಲ್ಲಿ ಇನ್ನೊಂದು ಅಸ್ತ್ರವಿದೆ. ‘ಇವರು ಮತ್ತೆ ಕುಡಿಯುವುದಿಲ್ಲವೆಂಬ ಭರವಸೆ ಏನು?’ ಎಂಬುದು ಅದು. ಈ ಪ್ರಶ್ನೆಯೂ ಆಧಾರವಿಲ್ಲದ್ದಲ್ಲ. ಗ್ರಂಥದ ಪ್ರಕಟಣೆಯಲ್ಲಿ ಬಿಲ್ಲನಿಗೆ ಬಲಗೈಯಾಗಿದ್ದ ಹ್ಯಾಂಕ್ ಪಾರ್ಕ್‌ಹರ್ಸ್ಟ್ ಅದೇ 1939ರಲ್ಲಿ ಕುಡಿತಕ್ಕೆ ಮರಳಿದನು. ಮೊದಲ ಮುದ್ರಣದಲ್ಲಿ ಕಥೆ ಹೇಳಿಕೊಂಡಿದ್ದ ಬೇರೆ ಕೆಲವರೂ ಜಾರಿ ಬಿದ್ದರು. 1955ರಲ್ಲಿ ಎರಡನೆಯ ಆವೃತ್ತಿ ಬಂದಾಗ ಹಳೆಯ ಕಥೆಗಳಲ್ಲಿ ಬಹುಪಾಲನ್ನು ಕೈಬಿಟ್ಟು ಹೊಸವನ್ನು ಸೇರಿಸಿದರು. ಬಿಲ್ಲನು 1971ರಲ್ಲಿ ತೀರಿಕೊಳ್ಳುವವರೆಗೆ ಮದ್ಯವನ್ನು ಮುಟ್ಟಲಿಲ್ಲವಾದರೂ ಸಿಗರೇಟಿನ ದಾಸ್ಯದಿಂದ ಬಹುಕಾಲ ಬಿಡಿಸಿಕೊಳ್ಳಲಾರದೆ ಶ್ವಾಸಕೋಶದ ವ್ಯಾಧಿಯಿಂದ ನರಳಿದನು. ಆದರೆ ಇವೆಲ್ಲದರಿಂದ ಆ ಕಥೆಗಳು ಸುಳ್ಳಾದವೇ? ಬಿದ್ದವನು ಎದ್ದು ನಿಂತಾಗ ಬರೆದ ಮಾತು, ಅವನು ಮತ್ತೆ ಬಿದ್ದರೂ, ನಿಂತಿದ್ದ ಗಳಿಗೆಯ ಮಟ್ಟಿಗೆ ಸತ್ಯವೇ ಆಗಿರುತ್ತದೆ. ಅದನ್ನು ಓದಿ ಎದ್ದ ಇನ್ನೊಬ್ಬನ ಪಾಲಿಗಂತೂ ಅದು ಸುಳ್ಳಾಗಲಾರದು.

ಹಾಗಾದರೆ ಕೈಹಿಡಿಯುವವನದೇ ಯಾವಾಗಲೂ ಸರಿಯೇ? ಇಲ್ಲಿ ಇನ್ನೊಂದು ಪ್ರಕರಣವನ್ನು ಎದುರಿಗಿಟ್ಟು ನೋಡುವುದು ನ್ಯಾಯ. 2003ರಲ್ಲಿ ಜೇಮ್ಸ್ ಫ್ರೇ ಎಂಬ ಅಮೆರಿಕದ ಲೇಖಕನು ವ್ಯಸನದಿಂದ ಬಿಡುಗಡೆ ಹೊಂದಿದ ತನ್ನ ವೃತ್ತಾಂತವನ್ನು ‘ಎ ಮಿಲಿಯನ್ ಲಿಟ್ಲ್ ಪೀಸಸ್’ ಎಂಬ ಹೆಸರಿನಲ್ಲಿ ಪ್ರಕಟಿಸಿದನು. 2005ರಲ್ಲಿ ಓಪ್ರಾ ವಿನ್‌ಫ್ರೆ ತನ್ನ ದೂರದರ್ಶನ ಕಾರ್ಯಕ್ರಮದಲ್ಲಿ ಅದನ್ನು ಆಯ್ದ ಮೇಲೆ ಲಕ್ಷಾಂತರ ಪ್ರತಿಗಳು ಮಾರಿಹೋದವು. 2006ರ ಜನವರಿಯಲ್ಲಿ ತನಿಖೆಯೊಂದು, ಹಲವು ಸಂಗತಿಗಳು ಕಲ್ಪಿತವೆಂದು ತೋರಿಸಿತು. ತಿಂಗಳುಗಟ್ಟಲೆ ಸೆರೆಮನೆಯಲ್ಲಿದ್ದೆನೆಂದು ಬರೆದುಕೊಂಡವನು ವಾಸ್ತವದಲ್ಲಿ ಬಂಧನದಲ್ಲಿದ್ದದ್ದು ಕೆಲವೇ ಗಂಟೆಗಳು. ಆಗ ಅನೇಕ ವಾಚಕರು ಅವನ ಪರವಾಗಿ ನಿಂತರು. ‘ಸಂಗತಿ ಹೇಗಾದರೂ ಇರಲಿ, ಪುಸ್ತಕದಿಂದ ನಮಗೆ ಉಪಕಾರವಾಯಿತು’ ಎಂಬುದು ಅವರ ವಾದ. ಓಪ್ರಾ ಸಹ ಮೊದಲು ಹಾಗೆಯೇ ಹೇಳಿ, ಜನವರಿ 26ರಂದು ತನ್ನ ಮಾತನ್ನು ಹಿಂತೆಗೆದುಕೊಂಡು, ಲೇಖಕನನ್ನು ಎದುರಿಗೆ ಕೂರಿಸಿಕೊಂಡೇ ಪ್ರಶ್ನಿಸಿದಳು. ಮುಂದೆ ಪ್ರಕಾಶಕರು ಹಣ ಹಿಂದಿರುಗಿಸಲು ಒಪ್ಪಿದಾಗ ಕೇಳಿ ಪಡೆದವರು 1,729 ವಾಚಕರು ಮಾತ್ರ.

ಇಲ್ಲಿ ತಕ್ಕಡಿ ಹಿಡಿದವನೇ ಸರಿ. ಕೈ ಹಿಡಿದವರು ಮೋಹಕ್ಕೆ ಒಳಗಾದರು. ಸಾಕ್ಷಿಯು ಸುಳ್ಳು ನುಡಿದಾಗ ಅವನ ಕೈ ಹಿಡಿಯುವುದು ಕರುಣೆಯಲ್ಲ. ವ್ಯಸನವೆಂಬುದು ಮೊದಲು ಸುಳ್ಳಿನ ಅಭ್ಯಾಸ: ಎಷ್ಟು ಕುಡಿದೆ, ಎಲ್ಲಿ ಕುಡಿದೆ, ಯಾರ ಹಣದಿಂದ ಕುಡಿದೆ ಎಂಬ ಪ್ರತಿಯೊಂದರಲ್ಲಿಯೂ ಸುಳ್ಳು. ಬಿಡುಗಡೆಯ ಕಥೆಯಲ್ಲಿಯೂ ಸುಳ್ಳು ಸೇರಿದರೆ ಬಾಟಲಿಯು ಹೋಗಿದೆ, ವ್ಯಸನವು ಉಳಿದಿದೆ ಎಂದೇ ಅರ್ಥ.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳನ್ನು ಹೇಳುವಾಗ ಉಪಗೂಹನ ಮತ್ತು ಸ್ಥಿತಿಕರಣಗಳನ್ನು ಬೇರೆಬೇರೆಯಾಗಿ ಎಣಿಸಿರುವುದು ಅರ್ಥಪೂರ್ಣವಾಗಿದೆ. ಉಪಗೂಹನಕ್ಕೆ ದೃಷ್ಟಾಂತ ಜಿನೇಂದ್ರಭಕ್ತ ಶ್ರೇಷ್ಠಿ. ವ್ರತಿಯ ವೇಷದಿಂದ ಬಂದು ರತ್ನವನ್ನು ಕದ್ದವನನ್ನು ಅವನು ಜನರ ಮುಂದೆ ಹರಾಜಿಗಿಡಲಿಲ್ಲ. ಆದರೆ ಏಕಾಂತದಲ್ಲಿ ಗದರಿಸಿ ಕಳುಹಿಸದೆ ಬಿಡಲೂ ಇಲ್ಲ. ಸ್ಥಿತಿಕರಣಕ್ಕೆ ದೃಷ್ಟಾಂತ ವಾರಿಷೇಣ ಮುನಿ. ದೀಕ್ಷೆ ಪಡೆದೂ ಮನಸ್ಸನ್ನು ಮನೆಯಲ್ಲಿಯೇ ಬಿಟ್ಟುಬಂದಿದ್ದ ಮಿತ್ರನನ್ನು ಅವನು ನಿಂದಿಸಲಿಲ್ಲ. ಅರಮನೆಗೆ ಕರೆದೊಯ್ದು ತಾನು ತೊರೆದ ವೈಭವವನ್ನು ತೋರಿಸಿ ನೆಲೆಗೆ ನಿಲ್ಲಿಸಿದನು. ದೋಷವನ್ನು ಸಾರಬೇಡ ಎಂಬುದು ಒಂದು ಅಂಗವಾದರೆ, ಜಾರುವವನನ್ನು ನಿಲ್ಲಿಸು ಎಂಬುದು ಇನ್ನೊಂದು. ದೋಷವನ್ನೇ ಗುಣವೆಂದು ಹೊಗಳು ಎಂಬ ಅಂಗವು ಮಾತ್ರ ಆ ಎಂಟರಲ್ಲಿ ಎಲ್ಲಿಯೂ ಇಲ್ಲ.

ಕಾಲವು ಮೊದಲಿನ ಪ್ರಕರಣಕ್ಕೆ ಕೊಟ್ಟ ತೀರ್ಪು ಸ್ವಾರಸ್ಯವಾಗಿದೆ. 1956ರಲ್ಲಿ ಅದೇ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನು ಮದ್ಯವ್ಯಸನವು ಚಿಕಿತ್ಸೆಗೆ ಅರ್ಹವಾದ ಕಾಯಿಲೆಯೆಂದು ಒಪ್ಪಿತು. 2010ರಲ್ಲಿ ಗ್ರಂಥದ ಮೂರು ಕೋಟಿಯ ಪ್ರತಿಯನ್ನು ಬಳಗದವರು ಬೇರಾರಿಗೂ ಕೊಡದೆ ಆ ಅಸೋಸಿಯೇಷನ್ನಿಗೇ ಕಾಣಿಕೆಯಾಗಿ ಒಪ್ಪಿಸಿದರು. ಹಳೆಯ ನಿಂದೆಗೆ ಇಷ್ಟು ಸೌಮ್ಯವಾದ ಉತ್ತರ ಅಪೂರ್ವ. 2020ರಲ್ಲಿ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯು 27 ಅಧ್ಯಯನಗಳನ್ನು, ಅವುಗಳಲ್ಲಿ ಭಾಗವಹಿಸಿದ 10,565 ಜನರ ವಿವರಗಳನ್ನು ಪರಿಶೀಲಿಸಿ, ಸತತವಾಗಿ ಮದ್ಯವರ್ಜಿತರಾಗಿ ಉಳಿಯುವ ವಿಷಯದಲ್ಲಿ ಈ ಮಾರ್ಗಕ್ಕೆ ವ್ಯವಸ್ಥಿತವಾಗಿ ಜೊತೆಗೂಡಿಸುವ ಚಿಕಿತ್ಸೆಯು ಇತರ ಪ್ರಚಲಿತ ಚಿಕಿತ್ಸೆಗಳಿಗಿಂತ ಮೇಲೆಂದು ಕಂಡಿತು. 1939ರ ವಿಮರ್ಶಕನು ಕೇಳಿದ ಪುರಾವೆಯು ಎಂಬತ್ತೊಂದು ವರ್ಷಗಳ ಮೇಲೆ ದೊರೆಯಿತು. ಆದ್ದರಿಂದ ಅವನ ಬೇಡಿಕೆಯು ವ್ಯರ್ಥವಾಗಿರಲಿಲ್ಲ. ಆದರೆ ಪುರಾವೆ ಬರುವವರೆಗೆ ಕಾಯಲಾರದವರನ್ನು ಆ ಎಂಬತ್ತೊಂದು ವರ್ಷ ಕಾಪಾಡಿದವರು ವಾಚಕರು.

ಗುಂಡಗುರ್ತಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆಗೆ ಈ ವಿಚಾರ ದೂರದ್ದೇನೂ ಅಲ್ಲ. ಕಲ್ಲಿನ ಗಣಿ ಮತ್ತು ಸಿಮೆಂಟ್ ಕಾರ್ಖಾನೆಗಳ ಈ ನೆಲದಲ್ಲಿ ಕೂಲಿಯ ಹಣ ಮನೆಗೆ ಮುಟ್ಟುವ ಮುನ್ನ ಎಲ್ಲಿ ಕರಗುತ್ತದೆಂಬುದು ಹೆಣ್ಣುಮಕ್ಕಳಿಗೆ ಗೊತ್ತು. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋಗಬೇಕಾಯಿತು.

ಇಲ್ಲಿ ಕುಡಿತ ಬಿಟ್ಟವನು ಪುಸ್ತಕ ಬರೆಯುವುದು ವಿರಳ. ಅವನ ಆತ್ಮಕಥನವು ಬಾಯಿಮಾತಿನದು. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯು 1990ರ ದಶಕದಿಂದ ನಡೆಸುತ್ತ ಬಂದಿರುವ ಮದ್ಯವರ್ಜನ ಶಿಬಿರಗಳಲ್ಲಿ ಅಂಥ ಕಥನಗಳು ಸಭೆಯ ಮುಂದೆ ಕೇಳಿಬರುತ್ತವೆ. ಶಿಬಿರ ಮುಗಿದ ಮೇಲೆ ಅವರು ಮತ್ತೆ ಜಾರದಂತೆ ‘ನವಜೀವನ ಸಮಿತಿ’ಗಳಲ್ಲಿ ಒಬ್ಬರನ್ನೊಬ್ಬರು ಕಂಡು ಮಾತನಾಡುವ ಏರ್ಪಾಡೂ ಇದೆ. ಸ್ಥಿತಿಕರಣಕ್ಕೆ ಇಂದಿನ ಕಾಲದಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ.

ಇಲ್ಲಿಯ ವಿಮರ್ಶಕನು ನಿಯತಕಾಲಿಕೆಯಲ್ಲಿ ಬರೆಯುವವನಲ್ಲ. ಅಗಸಿಕಟ್ಟೆಯ ಮೇಲೆ ಕುಳಿತಿರುವವನು. ಶಿಬಿರದಿಂದ ಮರಳಿದವನನ್ನು ಕಂಡೊಡನೆ ‘ನಾಯಿಯ ಬಾಲ ನಳಿಗೆಯಲ್ಲಿಟ್ಟರೂ ಡೊಂಕೇ’ ಎಂಬ ಗಾದೆ ಅವನ ಬಾಯಿಗೆ ಬರುತ್ತದೆ. ಆ ಮಾತಿಗೆ ತೆರಬೇಕಾದ ಬೆಲೆಯನ್ನು ಆಡಿದವನು ತೆರುವುದಿಲ್ಲ. ಕೇಳಿಸಿಕೊಂಡವನ ಹೆಂಡತಿ ಮಕ್ಕಳು ತೆರುತ್ತಾರೆ.

ಕುಡಿತ ಬಿಟ್ಟವನ ಮಾತನ್ನು ಪರೀಕ್ಷಿಸುವುದು ತಪ್ಪಲ್ಲ. ಪರೀಕ್ಷಿಸದೆ ಹೊಗಳುವುದೇ ತಪ್ಪು. ಆದರೆ ಅವನು ಹೇಳಿದ್ದು ನಿಜವೆಂದು ತಿಳಿದ ಮೇಲೆ, ಹೇಳಿದ ರೀತಿ ಒರಟೆಂದೋ, ನಾಳೆ ಬೀಳಬಹುದೆಂದೋ ಅವನನ್ನು ತಳ್ಳುವ ಅಧಿಕಾರ ಯಾವ ವಿಮರ್ಶಕನಿಗೂ ಇಲ್ಲ. ತೂಕ ಮುಗಿದ ಮೇಲೆ ತಕ್ಕಡಿಯನ್ನು ಕೆಳಗಿಡಬೇಕು. ಎರಡೂ ಕೈಗಳಲ್ಲಿ ತಕ್ಕಡಿಯನ್ನೇ ಹಿಡಿದು ನಿಂತವನಿಗೆ ಬಿದ್ದವನನ್ನು ಎತ್ತಲು ಕೈಯೇ ಉಳಿಯುವುದಿಲ್ಲ.