ಗಂಟೆಗೊಂದು ಭಾಷೆ

ಬೆಂಗಳೂರಿನ ಹಳೆಯ ಚರ್ಚುಗಳ ಗೇಟು ದಾಟಿದರೆ ಶಿಲುಬೆಗಿಂತ ಮುಂಚೆ ಕಣ್ಣಿಗೆ ಬೀಳುವುದು ಒಂದು ಹಲಗೆ. ಆರಕ್ಕೆ ತಮಿಳು, ಏಳೂವರೆಗೆ ಕನ್ನಡ, ಒಂಬತ್ತಕ್ಕೆ ಇಂಗ್ಲಿಷ್, ಸಂಜೆ ಮತ್ತೆ ಇಂಗ್ಲಿಷ್. ಕೆಲವು ಕಡೆ ತಿಂಗಳಿಗೊಂದು ಭಾನುವಾರ ಕೊಂಕಣಿಯೋ ಮಲಯಾಳವೋ ಸಂದಿಯಲ್ಲಿ ಜಾಗ ಮಾಡಿಕೊಂಡಿರುತ್ತದೆ. ಗದಗ-ಬೆಟಗೇರಿಯಿಂದ ಬಂದ ನನಗೆ ಅದು ರೈಲು ನಿಲ್ದಾಣದ ವೇಳಾಪಟ್ಟಿಯಂತೆ ಕಂಡಿತ್ತು. ನಮ್ಮೂರಲ್ಲಿ ಸಭೆ ಎಂದರೆ ಒಂದೇ: ಬಾಸೆಲ್ ಮಿಶನ್ ಕಾಲದ ದೇವಾಲಯ, ಒಂದು ಗಂಟೆ, ಒಂದು ಆರಾಧನೆ. ತಡವಾಗಿ ಒಳಗೆ ಬಂದರೆ ಎಲ್ಲರ ಕುತ್ತಿಗೆಯೂ ತಿರುಗುತ್ತಿತ್ತು. ಒಂದು ಭಾನುವಾರ ತಪ್ಪಿಸಿದರೆ ಸೋಮವಾರ ಸಂಜೆಯೊಳಗೆ ಯಾರಾದರೂ ಮನೆಗೆ ಬಂದು 'ಯಾಕ್ರೀ, ಆರಾಮಿಲ್ಲೇನು?' ಅಂತ ಕೇಳುತ್ತಿದ್ದರು. ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನು ಹುಡುಕಿದ್ದು ಆ ಪ್ರಶ್ನೆಯನ್ನು. ಸಿಕ್ಕಿದ್ದು ಈ ಹಲಗೆ.

ಈ ಬರಹ ಆ ಹಲಗೆಯ ವಿಮರ್ಶೆ. ಹತ್ತಾರು ಭಾಷೆಗಳ ಜನರನ್ನು ಒಂದೇ ಸೂರಿನ ಕೆಳಗೆ ತರಬೇಕಾಗಿ ಬಂದಾಗ ಇಲ್ಲಿನ ಚರ್ಚುಗಳು ಕಂಡುಕೊಂಡ ಉಪಾಯ ಅದು: ಒಬ್ಬೊಬ್ಬರಿಗೆ ಒಂದೊಂದು ಗಂಟೆ ಕೊಟ್ಟುಬಿಡುವುದು. ಕಟ್ಟಡ ಅದೇ, ಬಲಿಪೀಠ ಅದೇ, ಬೆಂಚೂ ಅದೇ. ಕೂರುವವರು ಮಾತ್ರ ಒಬ್ಬರ ಮುಖ ಒಬ್ಬರು ಕಾಣದವರು.

ಹೀಗೇಕಾಯಿತು ಎಂದರೆ ಊರಿನ ನಕ್ಷೆಯೇ ಉತ್ತರ ಹೇಳುತ್ತದೆ. 1809ರಲ್ಲಿ ಬ್ರಿಟಿಷರು ಪೇಟೆಯ ಪೂರ್ವಕ್ಕೆ ದಂಡು ಕಟ್ಟಿದಾಗ ಅದರ ಬೆನ್ನಿಗೇ ಮದ್ರಾಸ್ ಕಡೆಯ ತಮಿಳು ಕುಟುಂಬಗಳು ಬಂದು ನೆಲೆಸಿದವು. ದಂಡಿನ ದೊರೆಗಳಿಗೆ ಸೇಂಟ್ ಮಾರ್ಕ್ಸ್, ಟ್ರಿನಿಟಿಯಂಥ ಇಂಗ್ಲಿಷ್ ಚರ್ಚುಗಳು. ಅವರನ್ನು ನಂಬಿ ಬಂದ ದುಡಿಯುವ ಜನಕ್ಕೆ ಶಿವಾಜಿನಗರದ ಸುತ್ತಮುತ್ತ ತಮಿಳು ಪ್ರಾರ್ಥನೆ. ಕಬ್ಬನ್ ಪಾರ್ಕಿನ ಈಚೆಗೆ, ಪೇಟೆಯ ಮಗ್ಗುಲಲ್ಲಿ ಕನ್ನಡ ಸಭೆಗಳು. 1904ರ ಹಡ್ಸನ್ ಸ್ಮಾರಕ ದೇವಾಲಯ ಹೊತ್ತಿರುವುದು ಕನ್ನಡ ಶಾಲೆಗಳಿಗಾಗಿ ದುಡಿದ ವೆಸ್ಲಿಯನ್ ಮಿಶನರಿ ಜೋಸಯ್ಯ ಹಡ್ಸನ್ನರ ಹೆಸರನ್ನು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯದ ಆ ರೈಸ್ ಯಾರೆಂದರೆ, ನಮ್ಮ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಕೂಡಿಸಿಕೊಟ್ಟ ಲೂಯಿ ರೈಸರ ತಂದೆ. ದಂಡೂ ಪೇಟೆಯೂ ಒಂದೇ ನಗರಾಡಳಿತಕ್ಕೆ ಬಂದದ್ದು 1949ರಲ್ಲಿ. ಚರ್ಚುಗಳ ಒಳಗೆ ಅವು ಇನ್ನೂ ಪೂರ್ತಿ ಕೂಡಿಲ್ಲ.

ಅದಕ್ಕೂ ಎರಡು ವರ್ಷ ಮೊದಲು, 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತ್ತು. ನಾವೆಲ್ಲ ಸಿಎಸ್‌ಐ ಎನ್ನುವುದು ಅದನ್ನೇ. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಎಂದು ಯುರೋಪಿನಲ್ಲಿ ತಲೆತಲಾಂತರ ದೂರ ದೂರ ಕೂತ ಪಂಗಡಗಳು ಇಲ್ಲಿ ಒಂದಾದವು. ಆ ಸಾಹಸ ನೆನೆದರೆ ನನಗೆ ಈಗಲೂ ಹೆಮ್ಮೆಯಾಗುತ್ತದೆ. ಬಿಷಪ್ ಬೇಕೋ ಬೇಡವೋ ಎಂಬಂಥ ಬಿಗಿ ಗಂಟನ್ನು ಬಿಡಿಸಿದ ಅದೇ ಜನ, ಕನ್ನಡದವರೂ ತಮಿಳಿನವರೂ ಒಟ್ಟಿಗೆ ಹೇಗೆ ಬಾಳಬೇಕು ಎಂಬುದನ್ನು ಮಾತ್ರ ಹಲಗೆಗೆ ಬಿಟ್ಟುಬಿಟ್ಟರು.

ಕಥೋಲಿಕರ ಕಥೆ ಇನ್ನೂ ಕಹಿ. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಗೆ ಮುಂಚೆ ಬಲಿಪೂಜೆ ಲ್ಯಾಟಿನ್‌ನಲ್ಲಿತ್ತು. ಆ ಭಾಷೆ ಎಲ್ಲರಿಗೂ ಅಷ್ಟೇ ದೂರ. ಮಹಾಸಭೆ ಜನರ ನುಡಿಗೆ ಬಾಗಿಲು ತೆರೆದಾಗ ಬೆಂಗಳೂರಿನಲ್ಲಿ ಯಾವ ಜನ, ಯಾವ ನುಡಿ ಎಂಬ ಪ್ರಶ್ನೆ ಎದ್ದಿತು. ಮುಂದಿನ ದಶಕಗಳಲ್ಲಿ ಕನ್ನಡ ಕಥೋಲಿಕರು ತಮ್ಮ ನಾಡಿನ ರಾಜಧಾನಿಯಲ್ಲೇ ತಮ್ಮ ನುಡಿಯ ಪೂಜೆಗಾಗಿ ಬೀದಿಗಿಳಿಯಬೇಕಾಯಿತು. ಆ ಬೇಡಿಕೆ ನ್ಯಾಯದ್ದು, ಅದನ್ನು ಹಿಂಜರಿಯದೆ ಹೇಳುತ್ತೇನೆ. ಐದಾರು ತಲೆಮಾರಿನಿಂದ ಇಲ್ಲೇ ಹುಟ್ಟಿ ಇಲ್ಲೇ ಮಣ್ಣಾದ ತಮಿಳು ಮನೆತನವೊಂದು ಅಜ್ಜಿ ಕಲಿಸಿದ ಜಪವನ್ನು ಬಿಡಲಾರೆ ಎಂದದ್ದೂ ನ್ಯಾಯವೇ. ಎರಡೂ ಕಡೆ ನ್ಯಾಯವಿದ್ದಾಗ ಹಲಗೆ ಪಂಚಾಯಿತಿ ಮಾಡಿತು: ನಿನಗೊಂದು ಗಂಟೆ, ಅವನಿಗೊಂದು ಗಂಟೆ.

ಹಲಗೆಯ ಉಪಕಾರವನ್ನು ಮರೆಯಲಾರೆ. ಬೆಂಗಳೂರಿಗೆ ಬಂದ ಎರಡನೇ ತಿಂಗಳಿಗೆ ಊರಲ್ಲಿ ಅಪ್ಪ ತೀರಿಕೊಂಡರು. ಮಣ್ಣು ಮಾಡಿ ಮರಳಿದ ವಾರ, ಗೆಳೆಯರು ಕರೆದರೆಂದು ಇಂಗ್ಲಿಷ್ ಆರಾಧನೆಗೆ ಹೋದೆ. ಎಲ್ಲ ಪದವೂ ಅರ್ಥವಾಯಿತು, ಒಂದೂ ಒಳಗೆ ಇಳಿಯಲಿಲ್ಲ. ಮುಂದಿನ ಭಾನುವಾರ ಏಳೂವರೆಯ ಕನ್ನಡಕ್ಕೆ ಹೋದೆ. ಸಭಾಪಾಲಕರು 'ಕರ್ತನೇ' ಎಂದು ಪ್ರಾರ್ಥನೆ ಎತ್ತಿಕೊಂಡದ್ದೇ ತಡ, ಅಷ್ಟು ದಿನ ಬಾರದಿದ್ದ ಅಳು ಬಂತು. ಕಥೋಲಿಕರ ಪೂಜೆಯಲ್ಲಿ ಆ ಜಾಗಕ್ಕೆ 'ಪ್ರಭುವೇ' ಬರುತ್ತದೆ. ಅವರ ಬೈಬಲಿನಲ್ಲಿ 'ಸರ್ವೇಶ್ವರ' ಇರುವಲ್ಲಿ ನಮ್ಮದರಲ್ಲಿ 'ಯೆಹೋವ' ಎಂದಿದೆ. ಒಂದೇ ಕನ್ನಡದೊಳಗೆ ಒಬ್ಬೊಬ್ಬರ ಎದೆಗೆ ಒಂದೊಂದು ಪದ ತಾಗುವಾಗ, ತಮಿಳಿನವರಿಗೆ ಕನ್ನಡದಲ್ಲೇ ಅಳು ಎಂದು ಹೇಳುವ ಅಧಿಕಾರ ನನಗಿಲ್ಲ.

ಆದರೆ ಅದೇ ಸಭೆಯಲ್ಲಿ ಏಳು ತಿಂಗಳು ಕೂತರೂ ಯಾರೂ ನನ್ನ ಹೆಸರು ಕೇಳಲಿಲ್ಲ. ಎಂಟೂಮುಕ್ಕಾಲಿಗೆ ಆಶೀರ್ವಾದ ಮುಗಿಯುತ್ತಿತ್ತು, ಒಂಬತ್ತಕ್ಕೆ ಇಂಗ್ಲಿಷಿನವರು. ಆ ಹದಿನೈದು ನಿಮಿಷದಲ್ಲಿ ಒಂದಷ್ಟು ಕಾರು ಹೊರಗೆ ಹೋಗಬೇಕು, ಒಂದಷ್ಟು ಒಳಗೆ ಬರಬೇಕು, ಹಾಡಿನ ಪುಸ್ತಕ ಬದಲಾಗಬೇಕು, ಕಾಣಿಕೆ ಎಣಿಕೆಯಾಗಬೇಕು. ವಾಚ್‌ಮನ್ ಸೀಟಿ ಊದುತ್ತಿದ್ದ. ಮಾತಾಡಲು ನಿಂತವರು ದಾರಿಗೆ ಅಡ್ಡ. ಸದಸ್ಯತ್ವ ಕೇಳಿದಾಗ ಊರಿನ ಸಭೆಯಿಂದ ವರ್ಗಾವಣೆ ಪತ್ರ ತರಿಸಿ, ಚಂದಾ ಕಟ್ಟಿ ಎಂದರು. ಚಂದಾ ಬಾಕಿ ಉಳಿದರೆ ಮುಂದೆ ಸ್ಮಶಾನದ ಜಾಗಕ್ಕೆ ತೊಂದರೆಯಾಗುತ್ತದೆ ಎಂದೂ ನೆನಪಿಸಿದರು. ಪತ್ರ ತರಿಸಿದೆ, ಚಂದಾ ಕಟ್ಟಿದೆ. ನನ್ನ ಹೆಸರು ಆ ಚರ್ಚಿನಲ್ಲಿ ಮೊದಲ ಸಲ ಬರೆಯಲ್ಪಟ್ಟದ್ದು ರಸೀದಿಯ ಮೇಲೆ.

ಆ ಮಳೆಗಾಲ ಡೆಂಗಿಯಿಂದ ಮಲಗಿದಾಗ ಬಾಗಿಲು ತಟ್ಟಿದವರು ನಮ್ಮ ಗಲ್ಲಿಯಲ್ಲಿ ಹೂ ಕಟ್ಟಿ ಮಾರುವ ಅಮ್ಮ. ತಮಿಳು ಪೂಜೆಗೆ ಹೋಗುವವರು, ಅದೂ ಬೇರೆ ಚರ್ಚಿಗೆ, ಕಥೋಲಿಕರು. ಅವರದೊಂದು 'ಅನ್ಬಿಯಂ' ಇತ್ತು, ಗಲ್ಲಿಯ ಹದಿನೈದಿಪ್ಪತ್ತು ಮನೆಗಳು ಸೇರಿ ಮಾಡಿಕೊಂಡ ಚಿಕ್ಕ ಬಳಗ. ಕನ್ನಡದ ಧರ್ಮಕೇಂದ್ರಗಳಲ್ಲೂ ಇಂಥ ಕಿರು ಸಮುದಾಯಗಳಿವೆ. ಗಂಜಿ ತಂದರು. ಪ್ಲೇಟ್‌ಲೆಟ್ ಎಷ್ಟಕ್ಕೆ ಬಂತು ಎಂದು ದಿನಾ ವಿಚಾರಿಸಿದರು. ಒಂದು ಸಂಜೆ ಏಳೆಂಟು ಮಂದಿ ಬಂದು ಹಾಸಿಗೆಯ ಸುತ್ತ ಕೂತು ಜಪಸರ ಹೇಳಿದರು. ಬಾಸೆಲ್ ಮಿಶನ್ ಮನೆಯಲ್ಲಿ ಬೆಳೆದವನಿಗೆ ಮರಿಯಮ್ಮನ ಜಪ ಹೊಸದು, ತಮಿಳು ಅರ್ಧಂಬರ್ಧ. ಬೆಟಗೇರಿಯ ಆ ಪ್ರಶ್ನೆ ಮತ್ತೆ ನನ್ನ ಕಿವಿಗೆ ಬಿದ್ದದ್ದು ಅವರ ಬಾಯಿಂದ.

ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯವನ್ನು ಆಮೇಲೆ ಬೇರೆ ಕಣ್ಣಿನಿಂದ ಓದಿದೆ. ಯೆರೂಸಲೇಮಿನ ಆದಿಸಭೆಯಲ್ಲಿ ಎದ್ದ ಒಳಜಗಳ ಭಾಷೆಯದೇ. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂದು ಗೊಣಗಾಟ ಶುರುವಾಗಿತ್ತು. ಪರಿಹಾರಕ್ಕೆಂದು ಏಳು ಮಂದಿಯನ್ನು ಆರಿಸಿದರು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ದೂರು ಕೊಟ್ಟವರ ಕಡೆಯವರ ಕೈಗೇ ಎಲ್ಲರ ಊಟದ ಸೌಟು ಬಂದಂತಿದೆ. ಹೊತ್ತು ಬೇರೆ ಮಾಡಿ ಎರಡು ಪಂಕ್ತಿ ಹಾಕಿದ್ದರೂ ಜಗಳ ಮುಗಿಯುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ನಮ್ಮಲ್ಲಿ ಭಾಷೆಯ ಜಗಳ ನಡೆಯುವುದು ಬಲಿಪೀಠದ ಹತ್ತಿರ: ಯಾವ ಪೂಜೆ, ಎಷ್ಟು ಗಂಟೆಗೆ, ಯಾರ ಗಾಯನ ತಂಡ. ಊಟದ ಹತ್ತಿರ, ಕಾಯಿಲೆಯ ಹತ್ತಿರ, ಬಾಡಿಗೆ ಮನೆ ಸಿಗದೆ ಅಲೆಯುವವನ ಹತ್ತಿರ ಜಗಳವಿಲ್ಲ. ಬಹಳಷ್ಟು ಕಡೆ ಅಲ್ಲಿ ಹಂಚಿಕೊಳ್ಳಲು ನಾವು ಏನನ್ನೂ ಇಟ್ಟಿಲ್ಲ. ಹಲಗೆಯ ಮೇಲಿನ ನನ್ನ ಮುಖ್ಯ ತಕರಾರು ಇದು.

ಒಂಬತ್ತರ ಇಂಗ್ಲಿಷ್ ಎಲ್ಲರದೂ ಎನ್ನುವವರಿದ್ದಾರೆ. ಕನ್ನಡ, ತಮಿಳು, ಕೊಂಕಣಿ, ತೆಲುಗು ಮನೆಗಳ ಮಕ್ಕಳು ಅಲ್ಲಿ ಜೊತೆಗೆ ಕೂರುವುದು ನಿಜ. ಆದರೆ ಕಾನ್ವೆಂಟಿನ ಬಾಗಿಲು ದಾಟಿದವರು ಮಾತ್ರ. ಮನೆಕೆಲಸದಾಕೆ ಆರಕ್ಕೆ ಬಂದು ಹೋಗುತ್ತಾಳೆ, ಅವಳು ದುಡಿಯುವ ಮನೆಯವರು ಒಂಬತ್ತಕ್ಕೆ ಬರುತ್ತಾರೆ. ಇಬ್ಬರೂ ಒಂದೇ ಚರ್ಚಿನ ಸದಸ್ಯರು. ಇತ್ತ ಏಳೂವರೆಯ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲವೆಂದು ಪರದೆಯ ಮೇಲೆ ಕನ್ನಡ ಹಾಡನ್ನು ರೋಮನ್ ಲಿಪಿಯಲ್ಲಿ ತೋರಿಸುತ್ತಾರೆ. ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 1894ರಲ್ಲಿ ನಿಘಂಟು ಕೊಟ್ಟ ಕಿಟೆಲರ ಸಭೆ ನಮ್ಮದು. ಸರ್ವಜ್ಞನ ವಚನಗಳನ್ನು ಕೂಡಿಹಾಕಿ 1924ರಲ್ಲಿ ಅಚ್ಚುಹಾಕಿಸಿದ ಉತ್ತಂಗಿ ಚನ್ನಪ್ಪನವರು ಈ ಸಭೆಯದೇ ಪಾಲಕರು.

ಮತ್ತೊಂದು ಸಂಗತಿಯನ್ನು ಚರ್ಚುಗಳು ಗಮನಿಸಿಯೇ ಇಲ್ಲ. ಹೂವಿನ ಅಮ್ಮನೂ ನಾನೂ ಮಾತಾಡುವುದು ಕನ್ನಡದಲ್ಲಿ. ಅವರದು ಶಿವಾಜಿನಗರದ ಕನ್ನಡ, ನನ್ನದು ಗದಗಿನದು, ನಡುವೆ ಅಷ್ಟಿಷ್ಟು ತಮಿಳು, ಉರ್ದು. ಬಸ್ಸಿನಲ್ಲಿ, ಮಾರುಕಟ್ಟೆಯಲ್ಲಿ, ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಈ ನಗರದ ಬಡವರು ಇಂಥ ಕನ್ನಡದಲ್ಲೇ ಒಬ್ಬರನ್ನೊಬ್ಬರು ಮುಟ್ಟುತ್ತಾರೆ. ಅಳುವುದಕ್ಕೆ ಅವರವರ ತಾಯ್ನುಡಿ ಇರಲಿ. ಅಕ್ಕಪಕ್ಕ ಬಾಳುವುದಕ್ಕೆ ಬೀದಿ ಈಗಾಗಲೇ ಒಂದು ನುಡಿ ಕೊಟ್ಟಿರುವಾಗ, ಚರ್ಚು ಮಾತ್ರ ಎಲ್ಲರಿಗೂ ಸಲ್ಲುವ ಸೂಚನೆಗಳನ್ನು ಇಂಗ್ಲಿಷಿನಲ್ಲಿ ಅಂಟಿಸುತ್ತದೆ.

ಹೊಸ ದೊಡ್ಡ ಸಭೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಸಬರನ್ನು ಬಾಗಿಲಲ್ಲೇ ಕೈಹಿಡಿದು ಕೂರಿಸುವ ಅವರ ಅಕ್ಕರೆಯಿಂದ ಹಳೆಯ ಚರ್ಚುಗಳು ಕಲಿಯಬೇಕು. ಸಾವಿರಾರು ಜನರ ನಡುವೆ ಆ ಅಕ್ಕರೆ ಎರಡನೇ ತಿಂಗಳವರೆಗೆ ಬಾಳುವುದು ಕಷ್ಟ ಎನ್ನುವುದು ನಾನು ಕಂಡದ್ದು. ನನ್ನ ಮನಸ್ಸು ಹೆಚ್ಚು ಗೌರವದಿಂದ ನೆನೆಯುವುದು ಈಶಾನ್ಯದ ಮಕ್ಕಳ ಸಭೆಗಳನ್ನು. ಮಿಜೋ, ನಾಗಾ, ಕುಕಿ ಹುಡುಗ ಹುಡುಗಿಯರು ಶಾಲೆಯ ಹಾಲೋ ಬೇರೆ ಚರ್ಚಿನ ಖಾಲಿ ಹೊತ್ತೋ ಕೇಳಿ ಪಡೆದು ಆರಾಧನೆ ನಡೆಸುತ್ತಾರೆ. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಗುವಾಹಟಿ ರೈಲು ಹತ್ತಿದ ಊರು ಇದು. ಅಂಥ ಊರಲ್ಲಿ ತಮ್ಮ ಭಾಷೆಯ ಗುಂಪು ಆ ಮಕ್ಕಳಿಗೆ ಆಸರೆ. ಅದನ್ನು ಪ್ರತ್ಯೇಕತೆ ಎಂದು ಜರಿಯಲು ನನಗೆ ಬಾಯಿ ಬಾರದು. ಭಾಷೆಯ ಗುಂಪಿಗೆ ಇನ್ನೊಂದು ಮುಖವೂ ಉಂಟು. ನಮ್ಮ ಕನ್ನಡ ಸಭೆಯಲ್ಲೇ 'ನಿಮ್ಮದು ಯಾವೂರು, ಯಾರ ಪೈಕಿ' ಎಂದು ಕೇಳಿದವರಿದ್ದಾರೆ. ಅದು ಬೆಟಗೇರಿಯ ಆ ಪ್ರಶ್ನೆಯಂಥದ್ದಲ್ಲ. ಉತ್ತರ ಕೇಳಿದ ಮೇಲೆ ಕೆಲವರ ನಗು ಚಿಕ್ಕದಾಗುತ್ತದೆ. ದಲಿತ ಕ್ರೈಸ್ತರಿಗೆ ಆ ನಗುವಿನ ಅಳತೆ ಚೆನ್ನಾಗಿ ಗೊತ್ತು.

ವರ್ಷಕ್ಕೆರಡು ಸಲ ಎಲ್ಲ ಭಾಷೆಗಳ ಜಂಟಿ ಆರಾಧನೆ ಇರುತ್ತದೆ. ಪ್ರಸಂಗವನ್ನು ಮೂರು ಭಾಷೆಗೆ ತಿರುಗಿಸುತ್ತ ಹೋದಂತೆ ಮೂವರಿಗೂ ಬೇಸರ ಬರುತ್ತದೆ. ಯಾವ ಭಾಷೆಗೆ ಎಷ್ಟು ಹಾಡು ಎಂದು ಎಣಿಸುವವರೂ ಇದ್ದಾರೆ. ಕರ್ತನ ಪ್ರಾರ್ಥನೆಯನ್ನು ಮಾತ್ರ ಎಲ್ಲರೂ ಒಟ್ಟಿಗೆ, ಅವರವರ ನುಡಿಯಲ್ಲಿ ಹೇಳುತ್ತಾರೆ. ತಮಿಳು ಬೇಗ ಮುಗಿಯುತ್ತದೆ, ಕನ್ನಡದವರು ಇನ್ನೂ ಅರ್ಧದಲ್ಲಿರುತ್ತೇವೆ, ಮುಗಿಸಿದವರು ನಮಗಾಗಿ ತಲೆ ಬಾಗಿಸಿಕೊಂಡು ಕಾಯುತ್ತಾರೆ. ಆ ಕಾಯುವಿಕೆಗಾಗಿಯೇ ನಾನು ಜಂಟಿ ಆರಾಧನೆಯನ್ನು ತಪ್ಪಿಸುವುದಿಲ್ಲ.

ಮತ್ತೆ ಸುಗ್ಗಿ ಹಬ್ಬ. ಆ ದಿನ ಹಲಗೆ ಲೆಕ್ಕಕ್ಕಿಲ್ಲ. ತಂದ ಕಾಣಿಕೆಯನ್ನೆಲ್ಲ ಅಂಗಳದಲ್ಲಿ ಹರಾಜು ಹಾಕುತ್ತಾರೆ. ಬಾಳೆಗೊನೆ, ಕೋಳಿ, ಕೇಕು, ಮೆಟ್ಟಿಲ ಮೇಲೆ ನಿಂತು ಮೂರೂ ಭಾಷೆ ಕಲಸಿ ಕೂಗುವ ಹಿರಿಯರು. ಕಳೆದ ವರ್ಷ ಒಂದು ಸಿಹಿಗುಂಬಳಕ್ಕೆ ನಾನು ಆಸೆಪಟ್ಟೆ. ಪಕ್ಕದಲ್ಲಿದ್ದ ನರೆಗೂದಲಿನವರು ಏರಿಸುತ್ತ ಹೋಗಿ ನಾನೂರಕ್ಕೆ ಪಡೆದರು. ಆಮೇಲೆ ಊಟದವರ ಹತ್ತಿರ ಕತ್ತಿ ಇಸಿದುಕೊಂಡು ಎರಡು ಹೋಳು ಮಾಡಿ, ಒಂದನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. 'ನೀವು ಎಷ್ಟು ಗಂಟೆಯವರು?' ಎಂದು ಕೇಳಿದರು. ಏಳೂವರೆ ಎಂದೆ. 'ನಾನು ಆರು' ಎಂದರು. ಇಪ್ಪತ್ತಾರು ವರ್ಷಗಳಿಂದ ಅದೇ ಚರ್ಚಿಗೆ ಬರುತ್ತಿದ್ದಾರಂತೆ. ಮನೆ ಎಲ್ಲಿ ಎಂದು ಕೇಳಿದೆ. ನಮ್ಮ ಹಿಂದಿನ ರಸ್ತೆ.